ಅಪ್ಪನ ಬೋರು, ನಮ್ಮ ಹಲ್ಲು

“ಹಲ್ಲು ಉಜ್ಜಿದೆಯಾ?” ಎಂದು ನನ್ನನ್ನು ಈವರೆಗೆ ಕೇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅರಸೀಕೆರೆ ಸ್ಟೇಷನ್ನಿನ ಪ್ಲಾಟ್‌ಫಾರಂ ಸಾಲುವುದಿಲ್ಲ. ಮೇಷ್ಟ್ರು ಕೇಳಿದ್ದಾರೆ. ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತ, ಹೆಸರೂ ಗೊತ್ತಿಲ್ಲದ ಹೆಂಗಸರು ಕೇಳಿದ್ದಾರೆ. ನನ್ನನ್ನು ನೋಡಲು ಬಂದ ಗಂಡಿನ ಸೋದರತ್ತೆ, ಬಾಯಿಗೆ ಹಾಕಿಕೊಂಡ ಉಪ್ಪಿಟ್ಟನ್ನು ನುಂಗುವ ಮೊದಲೇ ಕೇಳಿದ್ದಾಳೆ. ಮೊನ್ನೆ ಹಾಸನದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಬಿಳಿ ಕೋಟಿನ ಹುಡುಗಿಯೂ ಶುರುಮಾಡಿದ್ದು ಅಲ್ಲಿಂದಲೇ. ಆಮೇಲೆ ಬಾಯೊಳಗೆ ದೀಪ ಬಿಟ್ಟು, “ಓ, ಅರಸೀಕೆರೆ ಕಡೆಯವರಾ?” ಎಂದಳು. ನನಗೆ ಐವತ್ತು ದಾಟಿದೆ. ದಿನಕ್ಕೆ ಎರಡು ಸಲ ಉಜ್ಜುತ್ತೇನೆ. ನನ್ನ ಹಲ್ಲಿನ ಮೇಲಿರುವ ಕಂದು ಪಟ್ಟೆ ಕೊಳೆಯಲ್ಲ, ಕಲೆಯೂ ಅಲ್ಲ, ಅದು ಹಲ್ಲಿನ ಒಳಗೇ ಬೆಳೆದದ್ದು ಎಂದು ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಒಂದೇ ಸಲ ಬರೆದುಬಿಡುತ್ತೇನೆ.

ಮಾಲೇಕಲ್ಲಿನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಊರು ಮುಗಿಯುವ ಕಡೆ ನಮ್ಮ ಮನೆ. ಹಿಂದೆ ತೆಂಗಿನ ತೋಟ, ಮುಂದೆ ಅಂಗಳ, ಅಂಗಳದ ನಟ್ಟನಡುವೆ ಬೋರು. ಬೋರು ತೋಟದಲ್ಲಿರಬೇಕಿತ್ತು. ಆದರೆ ಆ ಬೀದಿಯಲ್ಲೇ ಮೊದಲ ಬೋರು ಅದು, ರಸ್ತೆಯಲ್ಲಿ ಹೋಗುವವರಿಗೆ ಕಾಣಬೇಕೆಂದು ಅಪ್ಪ ಮನೆಯ ಮುಂದೆಯೇ ಕೊರೆಸಿದ್ದ. ಸುತ್ತಮುತ್ತ ನಾಲ್ಕು ಕಡೆ ಕೊರೆದು ಬರೀ ಧೂಳು ಎದ್ದಿದ್ದ ಕಾಲದಲ್ಲಿ ನಮ್ಮಲ್ಲಿ ತೆಂಗಿನ ಮರದೆತ್ತರ ನೀರು ಚಿಮ್ಮಿತಂತೆ. ಬೋರು ನನಗಿಂತ ಒಂದು ವರ್ಷಕ್ಕೆ ದೊಡ್ಡದು. ಅಪ್ಪನ ಮನಸ್ಸಿನಲ್ಲಿ ಹಿರಿಮಗ ಅದೇ. ಊರವರು ಅವನನ್ನು ಬೋರಿನ ಸಿದ್ದಣ್ಣ ಎಂದೇ ಕರೆಯುತ್ತಿದ್ದರು, ಅವನು ಪೂರ್ತಿ ಒಪ್ಪಿಕೊಂಡಿದ್ದ. ಬೆಳಿಗ್ಗೆ ಆರಕ್ಕೆ ಮೋಟಾರು ಹಾಕಿ ಜಗುಲಿಯ ಮೇಲೆ ಕೂತರೆ ಬೀದಿಯ ಹೆಂಗಸರೆಲ್ಲ ಕೊಡ ತಂದು ಸಾಲು ನಿಲ್ಲುತ್ತಿದ್ದರು. ಶನಿವಾರ ಬೆಟ್ಟದ ದೇವರಿಗೆ ನಡೆದು ಹೋಗುವವರನ್ನು ಅಪ್ಪ ತಾನೇ ಕರೆದು ಚೊಂಬು ಕೊಟ್ಟು ಕುಡಿಸುತ್ತಿದ್ದ. ಅವರು ಕುಡಿದು “ಅಬ್ಬಾ” ಎನ್ನುವವರೆಗೆ ಬಿಡುತ್ತಿರಲಿಲ್ಲ.

ಅಡುಗೆಮನೆಯೊಳಗೆ ಆ ನೀರಿಗೆ ಬೇರೆಯೇ ಹೆಸರಿತ್ತು. ಅಮ್ಮ ಅದನ್ನು “ನಿಮ್ಮಪ್ಪನ ನೀರು” ಎನ್ನುತ್ತಿದ್ದಳು. ಅಮ್ಮನ ತವರು ಬಿಕ್ಕೋಡು. ಅಲ್ಲಿ ಬೇಳೆ ಒಲೆಗಿಟ್ಟು ಹೂ ಕಿತ್ತು ಬರುವಷ್ಟರಲ್ಲಿ ಬೆಂದಿರುತ್ತಿತ್ತಂತೆ. ಇಲ್ಲಿ ಮಧ್ಯಾಹ್ನದ ಸಾರಿನ ಬೇಳೆ ಬೆಳಿಗ್ಗೆಯಿಂದ ಕುದ್ದರೂ ಕಾಳುಕಾಳಾಗಿ ಉಳಿಯುತ್ತಿತ್ತು. ಹಂಡೆಯ ಒಳಗೆ ಸುಣ್ಣ ಬಳಿದ ಹಾಗೆ ಬಿಳೀ ಪದರ, ಸೋಪು ಉಜ್ಜಿದರೆ ನೊರೆಯ ಬದಲು ಗಸಿ. ಅಪ್ಪ ಊಟಕ್ಕೆ ಕೂತು ಸಾರು ನೀರಾಗಿದೆ ಎನ್ನುವನು, ಅಮ್ಮ ನೀರೇ ಸರಿಯಿಲ್ಲ ಎನ್ನುವಳು, ಅಜ್ಜಿ ತನ್ನ ಮೂಲೆಯ ಮಂಚದಿಂದ ಕಾಲು ಚಾಚಿಕೊಂಡೇ ಮಗನ ಪರ ವಹಿಸುವಳು. ಅಜ್ಜಿಗೆ ಮಂಡಿ ಮಡಿಸಲು ಆಗುತ್ತಿರಲಿಲ್ಲ. ಕತ್ತು ತಿರುಗಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಕೇಳಿದರೆ “ವಾತ” ಎನ್ನುತ್ತಿದ್ದಳು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನನ್ನ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬಂದಾಗ ಅದರ ಮೇಲೆ ಕಾಫಿಯ ಬಣ್ಣದ ಅಡ್ಡಗೆರೆಗಳಿದ್ದವು. ಅಲ್ಲಿಂದ ಶುರುವಾಯಿತು ನನ್ನ ಬಾಯಿಯ ಪಾಡು. ಅಜ್ಜಿ ಇದ್ದಿಲಿನ ಪುಡಿಗೆ ಉಪ್ಪು ಬೆರೆಸಿ ತಿಕ್ಕಿಸಿದಳು. ಅಮ್ಮ ಅಡುಗೆ ಸೋಡಾ ತಿಕ್ಕಿಸಿದಳು. ಪಕ್ಕದ ಮನೆಯವರು ಇಟ್ಟಿಗೆ ಪುಡಿ ಹೇಳಿದರು, ಅದನ್ನೂ ತಿಕ್ಕಿದ್ದಾಯಿತು. ಅಪ್ಪ ಪೇಟೆಯಿಂದ ಒಳ್ಳೆಯ ಪೇಸ್ಟ್ ತಂದ. ಡಬ್ಬಿಯ ಮೇಲೆ ಫ್ಲೋರೈಡ್ ಇದೆ ಎಂದು ದೊಡ್ಡದಾಗಿ ಬರೆದಿತ್ತು. ದಿನಕ್ಕೆ ಮೂರು ಸಲ ಅದರಲ್ಲಿ ಉಜ್ಜಿ ವಸಡಿನಿಂದ ರಕ್ತ ಬಂತು, ಗೆರೆ ಹಾಗೇ ಇತ್ತು. ಮುಂದೆ ಹೈಸ್ಕೂಲಿನಲ್ಲಿ ಮೂಲವಸ್ತುಗಳ ಪಟ್ಟಿಯನ್ನು ಗೋಡೆಗೆ ನೇತುಹಾಕಿದಾಗ ನೋಡುತ್ತೇನೆ, ಮೇಲಿನ ಮೂರು ಸಾಲಿನಲ್ಲಿ ಇರುವುದರ ಅರ್ಧಪಾಲು ನನ್ನ ಹಲ್ಲಿನ ಮೇಲೆ ಆಗಲೇ ಪ್ರಯೋಗವಾಗಿತ್ತು. ಶಾಲೆಯಲ್ಲಿ ಸೋಮವಾರ ಉಗುರು, ತಲೆ, ಹಲ್ಲು ನೋಡುತ್ತಿದ್ದರು. ಅರ್ಧ ಕ್ಲಾಸಿನ ಹಲ್ಲು ನನ್ನಂತೆಯೇ ಇತ್ತು. ಆದರೂ ಮೇಷ್ಟ್ರಿಗೆ ಅನುಮಾನ ಬರಲಿಲ್ಲ. ಅರ್ಧ ಕ್ಲಾಸಿಗೂ ಏಟು ಬೀಳುತ್ತಿತ್ತು, ಅಷ್ಟೆ.

ನನಗೆ ಒಂಬತ್ತು ನಡೆಯುತ್ತಿದ್ದಾಗ ಬೇಲೂರಿನ ದೊಡ್ಡಮ್ಮನ ಮನೆಗೆ ನಾಮಕರಣಕ್ಕೆ ಹೋದೆವು. ಅಮ್ಮ ಆಗ ಬಸುರಿ. ನಡುಮನೆಯಲ್ಲಿ ಹೆಂಗಸರೆಲ್ಲ ಹೂ ಕಟ್ಟುತ್ತ ಕೂತಿದ್ದಾಗ ನಾನು ಯಾವುದಕ್ಕೋ ನಕ್ಕೆ. ದೊಡ್ಡಮ್ಮ ಎಲ್ಲರೆದುರಿಗೂ ಕೇಳಿದಳು.

“ಏನೇ ತಂಗಿ, ಮಗೂಗೆ ಹಲ್ ಉಜ್ಸಾಕೂ ಪುರಸೊತ್ತಿಲ್ವಾ ನಿಂಗೆ?”

ಅವತ್ತು ಸಂಜೆಯವರೆಗೂ ದೊಡ್ಡಮ್ಮನ ಮಕ್ಕಳು ಬಾಯಿ ತೆರೆದಾಗಲೆಲ್ಲ ಅಮ್ಮ ಅವರ ಹಲ್ಲನ್ನೇ ನೋಡುತ್ತಿದ್ದಳು. ಮೂವರದ್ದೂ ಬಿಳಿ. ಅವರು ಸರಿಯಾಗಿ ಉಜ್ಜುವವರೂ ಅಲ್ಲ. ಮಾರನೆಯ ದಿನ ಬೆಳಿಗ್ಗೆ ಹೊರಡುವಾಗ ಅಮ್ಮ ಎರಡು ದೊಡ್ಡ ಕ್ಯಾನಿಗೆ ಬೇಲೂರಿನ ನೀರು ತುಂಬಿ ಬಸ್ಸಿಗೆ ಹತ್ತಿಸಿದಳು. ಅವುಗಳ ಪಕ್ಕ ಕೂತ ನನಗೆ ಬಸ್ಸಿನ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸುತ್ತಿತ್ತು. ಹಳೇಬೀಡು ಬರುವಷ್ಟರಲ್ಲಿ ಕಂಡಕ್ಟರ್ ಎರಡು ಸಲ ಎಡವಿದ್ದ.

“ಏನಮ್ಮಾ ಇದು? ಅರಸೀಕೆರೇಲಿ ನೀರಿಲ್ವಾ?”

“ಐತೆ ಕಣಪ್ಪಾ, ಬೇಕಾದಷ್ಟೈತೆ. ಅದನ್ ಕುಡಿದ್ರೆ ಏನಾಯ್ತದೆ ನೋಡ್ಬೇಕಾ? ಶಾರೀ, ಬಾಯ್ ತೆಗಿ. ತೋರ್ಸು ಅವ್ರಿಗೆ.”

ನಾನು ಬಾಯಿ ಇನ್ನಷ್ಟು ಬಿಗಿದೆ. ಆಗ ಹಳೇಬೀಡಿನಲ್ಲಿ ಹತ್ತಿದ್ದ ಒಬ್ಬರು ಮುಂದಿನ ಸೀಟಿನಿಂದ ತಿರುಗಿದರು. ನೋಡಿದರೆ ನಮ್ಮ ಶಾಲೆಗೆ ಆ ವರ್ಷವೇ ಬಂದಿದ್ದ ವಿಜ್ಞಾನದ ವಿಮಲಾ ಮೇಡಂ. ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರು ಎದ್ದು ಬಂದು ಕ್ಯಾನಿನ ಮೇಲೆ ಕಾಲಿಟ್ಟುಕೊಂಡು ಅಮ್ಮನ ಪಕ್ಕ ಕೂತರು. ನನ್ನ ಗಲ್ಲ ಹಿಡಿದು ನಿಧಾನವಾಗಿ, “ಒಂದೇ ಒಂದ್ ಸಲ, ಮಗು” ಎಂದರು. ಅರಸೀಕೆರೆ ಬಂದು ಇಳಿಯುವಾಗ ನಮ್ಮ ಬೋರಿನ ನೀರು ಒಂದು ಬಾಟಲಿ ತುಂಬಿ ಶಾಲೆಗೆ ತರಲು ಹೇಳಿದರು. ಹಾಸನದಲ್ಲಿ ಪರೀಕ್ಷೆ ಮಾಡಿಸುವ ಗುರುತಿನವರಿದ್ದಾರೆ ಎಂದರು.

ಮೂರು ವಾರದ ಮೇಲೆ ಮೇಡಂ ಪರೀಕ್ಷೆಯ ಚೀಟಿ ಹಿಡಿದು ಮನೆಗೇ ಬಂದರು. ಟೀಚರ್ ಬಂದರೆಂದು ಅಪ್ಪ ಪಂಚೆ ಸರಿಮಾಡಿಕೊಂಡು, ಬೆಳ್ಳಿ ಲೋಟದಲ್ಲಿ ಬೋರಿನ ನೀರು ತಂದು ಮುಂದಿಟ್ಟ. ಅಮ್ಮ ಬಾಗಿಲ ಹಿಂದೆ ಕಣ್ಣು ಮುಚ್ಚಿಕೊಂಡಳು. ಮೇಡಂ ಲೋಟ ಎತ್ತಿ ಪೂರ್ತಿ ಕುಡಿದು ಕೆಳಗಿಟ್ಟರು. “ಒಂದ್ ಲೋಟಕ್ಕೆ ಏನೂ ಆಗಲ್ಲ. ದಿನಾ ಕುಡಿಯೋದೇ ತೊಂದ್ರೆ” ಎಂದು ಶುರುಮಾಡಿದರು. ಅಪ್ಪನ ಮುಖದ ನಗು ಅಲ್ಲೇ ನಿಂತಿತು.

“ಫ್ಲೋರಿನ್ ಅಂತ ಒಂದು ಮೂಲವಸ್ತು ಇದೆ. ತುಂಬ ಹಗುರದ್ದು, ಪಟ್ಟೀಲಿ ಒಂಬತ್ತನೇದು. ಆದ್ರೆ ಅದಕ್ಕಿರೋ ಹಸಿವು ಇನ್ಯಾವುದಕ್ಕೂ ಇಲ್ಲ. ಒಂಟಿಯಾಗಿ ಇರೋದೇ ಇಲ್ಲ, ಸಿಕ್ಕಿದ್ದಕ್ಕೆ ಅಂಟ್ಕೊಳ್ಳುತ್ತೆ. ಹಾಗೆ ಅಂಟ್ಕೊಂಡಾಗ ಅದಕ್ಕೆ ಫ್ಲೋರೈಡ್ ಅಂತಾರೆ. ನಿಮ್ಮ ಬೋರಿನ ಕೆಳಗಡೆ ಬಂಡೆ ಒಳಗೆ ಕ್ಯಾಲ್ಸಿಯಂಗೆ ಅಂಟ್ಕೊಂಡು ಕೂತಿದೆ. ಆಳದ ನೀರು ವರ್ಷಗಟ್ಟಲೆ ಬಂಡೇಲಿ ನಿಂತು ಅದನ್ನ ಬಿಡಿಸ್ಕೊಂಡು ಬರುತ್ತೆ. ನಮ್ಮ ಹಲ್ಲು, ಮೂಳೆ ಎಲ್ಲಾ ಕ್ಯಾಲ್ಸಿಯಮ್ಮೇ. ಹೊಟ್ಟೆಗೆ ಹೋದ್ಮೇಲೆ ಅದು ಹೋಗಿ ಅಲ್ಲೇ ಸೇರ್ಕೊಳ್ಳುತ್ತೆ.”

“ಮತ್ತೆ ಪೇಸ್ಟಲ್ಲಿ ಅದನ್ನೇ ಹಾಕ್ತಾರಲ್ಲ?” ಎಂದ ಅಪ್ಪ. ಗೆದ್ದೆ ಎನ್ನುವ ಹಾಗೆ ಅಜ್ಜಿಯ ಕಡೆ ನೋಡಿದ.

“ಚಿಟಿಕೆಯಷ್ಟಿದ್ರೆ ಹಲ್ಲು ಗಟ್ಟಿ ಆಗುತ್ತೆ ಸರ್, ನಿಜ. ಹೆಚ್ಚಾದ್ರೆ ಹೀಗಾಗುತ್ತೆ” ಎಂದು ಮೇಡಂ ನನ್ನ ಬಾಯಿಯನ್ನೂ ಅಜ್ಜಿಯ ಚಾಚಿದ ಕಾಲನ್ನೂ ತೋರಿಸಿದರು.

“ಕಾಯ್ಸಿ ಕುಡ್ದ್ರೆ?”

“ಕಾಯಿಸಿದ್ರೆ ನೀರು ಕಮ್ಮಿ ಆಗುತ್ತೆ. ಅದು ಕಮ್ಮಿ ಆಗಲ್ಲ.”

“ಬ್ಲೀಚಿಂಗ್ ಪೌಡ್ರು?”

“ಅದರಲ್ಲಿರೋ ಕ್ಲೋರಿನ್ ಇದರ ತಮ್ಮ ಇದ್ದ ಹಾಗೆ. ಕ್ರಿಮಿ ಸಾಯಿಸುತ್ತೆ, ಅಣ್ಣನ್ನ ಮುಟ್ಟಲ್ಲ.”

ಅಪ್ಪ ಎದ್ದು ನಿಂತ. ಹದಿನೈದು ಮನೆ ಈ ನೀರಿನಲ್ಲಿ ಬದುಕುತ್ತಿವೆ, ದೇವರಿಗೆ ಹೋಗುವವರು ಕುಡಿದು ಹರಸಿ ಹೋಗುತ್ತಾರೆ, ಯಾರೋ ಚೀಟಿ ಬರೆದುಕೊಟ್ಟರೆ ನೀರು ವಿಷವಾಗುತ್ತದೆಯೇ ಎಂದು ಕೂಗಾಡಿದ. ತನ್ನ ತುಟಿ ಎತ್ತಿ ಬಿಳೀ ಹಲ್ಲು ತೋರಿಸಿದ. “ನಾನೂ ಇದೇ ನೀರ್ ಕುಡೀತಿಲ್ವಾ?” ಅಮ್ಮ ಬಾಗಿಲ ಹಿಂದಿನಿಂದ, “ನಿಮಗ್ ಹಲ್ ಬಂದಾಗ ಬೋರ್ ಎಲ್ಲಿತ್ತು? ಆಗ ಬಾವಿ ನೀರ್ ಕುಡೀತಿದ್ರಿ” ಎಂದಳು. ಅವನಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿತು. ಮೇಡಂ ಹೊರಟಾಗ ನಾನು ಗೇಟಿನವರೆಗೆ ಹೋಗಿ ಕೇಳಿದೆ.

“ಮಿಸ್, ನಾನು ಬೇರೆ ನೀರು ಕುಡಿದ್ರೆ ಬೆಳ್ಳಗಾಗುತ್ತಾ?”

“ಇಲ್ಲ ಮಗು. ಹಲ್ಲು ದವಡೆ ಒಳಗೆ ತಯಾರಾಗ್ತಿರುವಾಗಲೇ ಅದು ಸೇರಿಬಿಟ್ಟಿದೆ. ಆದ್ರೆ ನಿಮ್ಮಮ್ಮನ ಹೊಟ್ಟೇಲಿರೋ ಪಾಪುಗೆ ತಪ್ಪಿಸಬಹುದು.”

ನನ್ನ ಬಾಯಿಯ ವಿಷಯ ಅಲ್ಲಿಗೆ ಮುಗಿಯಿತು. ಅದಕ್ಕಾಗಿ ಯಾರೂ ಒಂದು ದಿನವೂ ಅಳಲಿಲ್ಲ, ನಾನೂ ಸೇರಿ.

ಅಪ್ಪ ಸುಮ್ಮನಿರಲಿಲ್ಲ. ಪಟಿಕ ತಿರುಗಿಸಿದರೆ ಎಂಥ ನೀರೂ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಕೈಗೆ ಸಿಕ್ಕಷ್ಟು ಪಟಿಕ, ಸುಣ್ಣ ತಂದು ಹಂಡೆಗೆ ಹಾಕಿ ಬಿದಿರು ಕೋಲಿನಿಂದ ತಿರುಗಿಸಿದ. ಪಟಿಕದಲ್ಲಿರುವ ಅಲ್ಯುಮಿನಿಯಂ ನೀರಿನ ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ, ಆದರೆ ಅಳತೆ ತಪ್ಪಬಾರದು ಎಂದು ಮೇಡಂ ಆಮೇಲೆ ಹೇಳಿದರು. ಅಪ್ಪನಿಗೂ ಅಳತೆಗೂ ಯಾವತ್ತೂ ಆಗಿಬಂದಿರಲಿಲ್ಲ. ಆ ದಿನ ಬೆಳಿಗ್ಗೆ ಕಾಫಿಗೆ ಹಾಕಿದ ಹಾಲು ಒಡೆಯಿತು. ಅನ್ನ ಒಗರಾಯಿತು. ಅಜ್ಜಿ ನಾಲಿಗೆ ಹೊರಗೆ ಚಾಚಿ ಸೆರಗಿನಿಂದ ಒರೆಸಿಕೊಂಡಳು. ಹಂಡೆಯನ್ನು ತೆಂಗಿನ ಬುಡಕ್ಕೆ ಚೆಲ್ಲಿದ ಮೇಲೆ ಅಪ್ಪ ಆ ಪ್ರಯೋಗದ ಮಾತೆತ್ತಲಿಲ್ಲ. ಬದಲಿಗೆ ಪ್ರತಿ ಊಟಕ್ಕೂ ಅಮ್ಮನ ಎದುರಿಗೇ ಒಂದು ಚೊಂಬು ಬೋರಿನ ನೀರು ಗಟಗಟ ಕುಡಿದು, “ನೋಡು, ಇನ್ನೂ ಬದುಕೇ ಇವ್ನಿ” ಎನ್ನುವ ಅಭ್ಯಾಸ ಶುರುಮಾಡಿದ.

ಅಮ್ಮ ಬಿಕ್ಕೋಡಿಗೆ ಹೋಗಿ ತಂಗಿ ಗೌರಿಯನ್ನು ಹೆತ್ತು ಐದು ತಿಂಗಳಿಗೆ ವಾಪಸು ಬಂದಳು. ಬಂದ ದಿನವೇ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಹಿತ್ತಾಳೆ ಕೊಡ ಬೇರೆ ಇಟ್ಟಳು. ಈ ಮಗುವಿನ ಬಾಯಿಗೆ ಬೋರಿನ ಹನಿ ಬೀಳಬಾರದು. ಮಳೆಗಾಲದಲ್ಲಿ ಹೆಂಚಿನಿಂದ ಇಳಿಯುವ ನೀರನ್ನು ಬಟ್ಟೆ ಕಟ್ಟಿ ತೊಟ್ಟಿಗೆ ಹಿಡಿಯುವುದು, ಅದು ಮುಗಿದ ಮೇಲೆ ಬೆಟ್ಟದ ದಾರಿಯ ಹಳೇ ಬಾವಿಯಿಂದ ತರುವುದು. ಆ ಬಾವಿ ಆಳವಿಲ್ಲ, ಬೆಟ್ಟದ ಮೇಲೆ ಬಿದ್ದ ಮಳೆಯೇ ಬಸಿದು ಬರುತ್ತದೆ ಎಂದು ಮೇಡಂ ಅದನ್ನೂ ಪರೀಕ್ಷೆ ಮಾಡಿಸಿ ಕೊಟ್ಟಿದ್ದರು. ತರುವವಳು ನಾನು. ಮನೆಯ ಅಂಗಳದಲ್ಲಿ ಮೋಟಾರು ಹಾಕಿದರೆ ಹೊಳೆಯಂತೆ ನೀರು, ನಾನು ಅದೇ ಅಂಗಳ ದಾಟಿ ಖಾಲಿ ಕೊಡ ಹಿಡಿದು ಹೊರಡಬೇಕು. ಕೊಡ ಹಿಡಿದು ನಿಂತ ಬೀದಿಯ ಹೆಂಗಸರೆಲ್ಲ ನೋಡುವರು. ಅಪ್ಪ ಜಗುಲಿಯ ಮೇಲೆ ಪೇಪರ್ ಅಡ್ಡ ಹಿಡಿಯುವನು. ಅಜ್ಜಿ ಮಾತ್ರ ಎಲ್ಲರೆದುರಿಗೆ ಸೊಸೆಯನ್ನು ಬೈದು, ಯಾರೂ ಇಲ್ಲದಾಗ ನನ್ನ ಲಂಗ ಎಳೆಯುತ್ತಿದ್ದಳು.

“ಆ ಬಾವಿ ನೀರು ನಂಗೂ ಒಂದ್ ಲೋಟ ಕೊಡೇ. ನಿಮ್ಮಪ್ಪಂಗ್ ಹೇಳ್ಬ್ಯಾಡ.”

ಹೀಗೆ ಮೂರು ವರ್ಷ ಹೊತ್ತೆ. ನನಗೆ ಹನ್ನೆರಡಾದ ವರ್ಷದ ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿತು. ಒಂದು ಕೊಡ ತುಂಬಲು ಅರ್ಧ ಗಂಟೆ ಸೇದಬೇಕಿತ್ತು. ಅಂಗೈ ಹರಿದು ಬೊಬ್ಬೆ ಎದ್ದಿತು. ಅದೇ ವಾರ ಶಾಲೆಯಲ್ಲಿ ಫೋಟೋ ತೆಗೆದಿದ್ದರು. ಫೋಟೋದವನು ನನ್ನೊಬ್ಬಳನ್ನೇ ತೋರಿಸಿ, “ನೀನು ಬಾಯಿ ಮುಚ್ಕೊಂಡ್ರೇ ಚಂದ ಕಣಮ್ಮ” ಎಂದಿದ್ದ. ಮನೆಗೆ ಬಂದರೆ ಗೌರಿ ಬಾಯ್ತುಂಬ ನಗುತ್ತ ಓಡಿ ಬಂದಳು. ಅಮ್ಮ ಕೊಡ ಕೈಗಿಟ್ಟಳು. ನಾನು ಹಿತ್ತಲಿಂದ ತೋಟಕ್ಕೆ ಹೋಗಿ, ಬೋರಿನಿಂದ ತೋಟಕ್ಕೆ ಎಳೆದಿದ್ದ ಪೈಪಿನಲ್ಲಿ ಅಡಿಕೆ ಗಾತ್ರದ ತೂತಿನಿಂದ ಚಿಮ್ಮುತ್ತಿದ್ದ ನೀರನ್ನೇ ಹಿಡಿದೆ. ಬಾವಿಗೆ ಹೋಗಿ ಬರುವಷ್ಟು ಹೊತ್ತು ತೆಂಗಿನ ಮರದ ಕೆಳಗೆ ಕೂತೆ. ಆಮೇಲೆ ಒಯ್ದು ಕಟ್ಟೆಯ ಮೇಲಿಟ್ಟೆ. ಗೌರಿ ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿದು, “ಅಕ್ಕಾ, ಇನ್ನೊಂಚೂರು” ಎಂದಳು. ಕೊಟ್ಟೆ. ಹೆದರಿಕೆಯಾಯಿತು. ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ. ಮಳೆ ಬರುವವರೆಗೆ ದಿನಾ ಹಾಗೆಯೇ ಮಾಡಿದೆ.

ಆ ಮಳೆ ಬಂದ ಮೇಲೆ ಶುರುವಾದ ಸಂಕಟ ನಾಲ್ಕು ವರ್ಷ ಬಿಡಲಿಲ್ಲ. ಗೌರಿ ಹಲ್ಲು ಕಿರಿದಾಗಲೆಲ್ಲ ನಾನು ಮುಖ ತಿರುಗಿಸುತ್ತಿದ್ದೆ. ಹಾಲುಹಲ್ಲು ಬಿಳಿಯೇ, ನನ್ನದೂ ಹಾಗೇ ಇತ್ತು. ಗೊತ್ತಾಗಬೇಕಾದದ್ದು ಅದರ ಹಿಂದಿನ ದವಡೆಯೊಳಗೆ ತಯಾರಾಗುತ್ತ ಕೂತಿತ್ತು. ಆ ನಡುವೆ ರಸ್ತೆಯ ಬದಿಯ ಕೈಪಂಪಿಗೆ ಯಾರೋ ಬಂದು ಕೆಂಪು ಬಣ್ಣ ಬಳಿದು ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದು ಹೋದರು. ನಮ್ಮ ಬೋರು ಸ್ವಂತದ್ದು, ಅದಕ್ಕೆ ಬಳಿಯಲಿಲ್ಲ. ಅಪ್ಪ ಅದನ್ನೇ ಒಂದು ಸರ್ಟಿಫಿಕೇಟು ಎನ್ನುವಂತೆ ಹೇಳಿಕೊಂಡು ತಿರುಗಿದ. ಆದರೆ ಜನ ಪಂಪಿನ ಬಣ್ಣ ನೋಡಿದರು, ತಮ್ಮ ಮಕ್ಕಳ ಬಾಯಿ ನೋಡಿದರು. ಒಬ್ಬೊಬ್ಬರಾಗಿ ಕುಡಿಯುವ ನೀರಿಗೆ ಬರುವುದು ಬಿಟ್ಟು ಬರೀ ಬಟ್ಟೆ ಒಗೆಯಲು ಹಿಡಿಯತೊಡಗಿದರು. ಅಪ್ಪ ಆರಕ್ಕೆ ಮೋಟಾರು ಹಾಕಿ ಜಗುಲಿಯ ಮೇಲೆ ಕೂರುತ್ತಿದ್ದ. ಕೇಳುವವರಿಲ್ಲದೆ ನೀರು ಅಂಗಳದಲ್ಲಿ ಹರಿದು ಮೋರಿ ಸೇರುತ್ತಿತ್ತು.

ಗೌರಿಯ ಮುಂದಿನ ಎರಡು ಹಲ್ಲು ಬಿದ್ದು ಹೊಸದು ಮೂಡಿದ ದಿನ ನಾನೇ ಮೊದಲು ನೋಡಿದೆ. ಬೆಳಕಿಗೆ ತಿರುಗಿಸಿ, ಉಗುರಿನಿಂದ ಮುಟ್ಟಿ, ಮತ್ತೆ ನೋಡಿದೆ. ಬಿಳಿ. ಒಂದರ ತುದಿಯಲ್ಲಿ ಸುಣ್ಣದ ಚುಕ್ಕೆಯಷ್ಟು ಮಬ್ಬು, ಹುಡುಕಿದರೆ ಮಾತ್ರ ಕಾಣುವಂಥದ್ದು. ಆ ಚುಕ್ಕೆ ಬೇರೆ ಯಾವುದರಿಂದಲೋ ಬಂದಿರಬಹುದು ಎಂದು ಮೇಡಂ ಮುಂದೆ ಹೇಳಿದರು. ನನಗೆ ಆಗ ಅದು ನನ್ನ ಕೈಬರಹವೇ ಎನಿಸಿತು. ಅಡುಗೆಮನೆಗೆ ಹೋಗಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಜರಡಿ ನಿಲ್ಲಿಸಲಿಲ್ಲ.

“ಗೊತ್ತು ಕಣೆ.”

“ಏನ್ ಗೊತ್ತು?”

“ಬಾವಿ ದಾರೀಲಿ ಪೂರಾ ಕೆಮ್ಮಣ್ಣು. ನೀನು ಬಂದಾಗ ಕಾಲಲ್ಲಿ ಒಂದ್ ಚೂರೂ ಧೂಳಿರ್ಲಿಲ್ಲ. ಎರಡನೇ ದಿನಕ್ಕೇ ತಿಳೀತು. ನೀನ್ ಆಚೆ ಹೋದ್ಮೇಲೆ ಅದನ್ ಚೆಲ್ಲಿ, ನಾನೇ ಹೋಗಿ ತತ್ತಿದ್ದೆ. ಬೆಳಗ್ಗೆ ಒಂದ್ ಲೋಟ ಅವಳ ಹೊಟ್ಟೆಗೆ ಹೋಗಿದ್ರೆ ಅಷ್ಟೇ.”

ನನಗೆ ಎಷ್ಟು ಸಿಟ್ಟು ಬಂತೆಂದರೆ, ಅತ್ತುಬಿಟ್ಟೆ. ನಾಲ್ಕು ವರ್ಷ ನಾನು ಒಳಗೊಳಗೇ ಬೆಂದದ್ದು ಯಾವ ಸುಖಕ್ಕೆ?

“ಯಾಕಮ್ಮಾ ಬೈಲಿಲ್ಲ ನಂಗೆ?”

ಅಮ್ಮ ಆಗ ಜರಡಿ ಕೆಳಗಿಟ್ಟಳು.

“ನಿಂಗೆ ಒಂಬತ್ ವರ್ಷ ಆ ನೀರ್ ಕುಡಿಸಿದ್ದು ಯಾರು? ನಾನ್ ತಾನೆ? ಯಾವ್ ಬಾಯಲ್ಲಿ ಬೈಲಿ?”

ಮಾರನೆಯ ಬೆಳಿಗ್ಗೆ ಗೌರಿ ಜಗುಲಿಗೆ ಓಡಿ ಅಪ್ಪನ ಪೇಪರ್ ಕಿತ್ತು, “ದೊಡ್ ಹಲ್ ಬಂತು, ನೋಡು” ಎಂದು ಬಾಯಿ ತೆರೆದಳು. ಅಪ್ಪ ಅವಳ ಮುಖವನ್ನು ಬಿಸಿಲಿಗೆ ತಿರುಗಿಸಿ, ಹೆಬ್ಬೆರಳಿನಿಂದ ತುಟಿ ಎತ್ತಿ ನೋಡಿದ. ಆಮೇಲೆ ಕಸ ಗುಡಿಸುತ್ತಿದ್ದ ನನ್ನನ್ನು ಕರೆದ. “ಶಾರೀ, ಬಾ ಇಲ್ಲಿ. ಬಾಯ್ ತೆಗಿ.” ಹದಿನಾರು ವರ್ಷದಲ್ಲಿ ನನಗೆ ಪೇಸ್ಟ್ ತಂದಿದ್ದ, ತನ್ನ ಬೋರಿಗಾಗಿ ಊರಿನೊಡನೆ ವಾದ ಮಾಡಿದ್ದ, ಒಂದು ಸಲವೂ ಬಾಯಿ ತೆಗೆಸಿ ನೋಡಿರಲಿಲ್ಲ. ತೆರೆದೆ. ತುಂಬ ಹೊತ್ತು ನೋಡಿದ. ಕೊನೆಗೆ, “ಹೋಗು, ಸ್ಕೂಲಿಗೆ ಹೊತ್ತಾಯ್ತು” ಎಂದ. ಅವತ್ತು ಭಾನುವಾರ.

ಸೋಮವಾರ ಎದ್ದು ನೋಡಿದರೆ ಕಟ್ಟೆಯ ಮೇಲೆ ಎರಡೂ ಕೊಡ ಇಲ್ಲ, ಮೋಟಾರಿನ ಸದ್ದೂ ಇಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ, ಎರಡು ಕೈಯಲ್ಲೂ ಕೊಡ ಹಿಡಿದು ಬೆಟ್ಟದ ದಾರಿಯಲ್ಲಿ ಹೋಗುತ್ತಿದ್ದ. ಹಗ್ಗ ಮರೆತಿದ್ದ. ಎಂದಾದರೂ ನೀರು ಸೇದಿದ್ದರೆ ತಾನೆ ನೆನಪಿರಲು. ನಾನು ಹಗ್ಗ ಹಿಡಿದು ಹಿಂದೆ ಓಡಿದೆ. ಟೀ ಅಂಗಡಿಯ ಮುಂದೆ ಕೂತಿದ್ದ ಒಬ್ಬರು ಎದ್ದು ನಿಂತರು.

“ಏನ್ ಸಿದ್ದಣ್ಣಾ, ಬೋರ್ ಕೆಟ್ಟೋಯ್ತಾ?”

“ಬೋರ್ ಚೆನ್ನಾಗೈತೆ. ನೀರು ಸರಿಯಿಲ್ಲ. ನಿಮ್ ಮನೇಲೂ ಕುಡೀಬ್ಯಾಡಿ.”

ಅಷ್ಟೇ. ಬೆಳ್ಳಿ ಲೋಟ ಕೆಳಗಿಟ್ಟು ಮೇಡಂ ಅದನ್ನೇ ಹೇಳಿದ್ದರು. ಏಳು ವರ್ಷ ನಾನು ಹೊತ್ತ ಕೊಡಗಳು, ಬೀದಿಯಲ್ಲಿ ಆಮೇಲೆ ಹುಟ್ಟಿದ ಮಕ್ಕಳ ಬಾಯಿಗಳು, ಊಟಕ್ಕೊಂದರಂತೆ ಅಮ್ಮನೆದುರು ಅವನು ಕುಡಿದ ಚೊಂಬುಗಳು, ಇಷ್ಟೆಲ್ಲ ಬೇಕಾಯಿತು ಅವನ ಬಾಯಲ್ಲಿ ಆ ಒಂದು ಮಾತು ಬರಲು. ನಾನು ರಸ್ತೆಯ ಮಧ್ಯದಲ್ಲಿ ನಿಂತುಬಿಟ್ಟೆ. ಅಪ್ಪ ತಿರುಗಿ ನೋಡಿದ.

“ಯಾಕ್ ನಿಂತ್ಕಂಡೆ? ಹಗ್ಗ ತಾ.”

ಹಗ್ಗವನ್ನು ಅವನ ಕಡೆ ಎಸೆದೆ. ಅವನು ಹಿಡಿದುಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಕೊಡವಿತ್ತು. ಹಗ್ಗ ಅವನ ಕಾಲ ಬಳಿ ಕೆಮ್ಮಣ್ಣಿನಲ್ಲಿ ಬಿತ್ತು. ಅವನು ಬೈಯಲಿಲ್ಲ, ಹೆಜ್ಜೆಯನ್ನೂ ಇಡಲಿಲ್ಲ. ನಾನೇ ಹೋಗಿ ಹಗ್ಗ ಎತ್ತಿಕೊಂಡು, ಅವನ ಕೈಯಿಂದ ಒಂದು ಕೊಡ ಕಿತ್ತುಕೊಂಡು, ಮುಂದೆ ನಡೆದೆ.